ಅವರ ವಾಚು, ನನ್ನ ಬೆರಳು

ಆಗಸ್ಟ್ 17, ಭಾನುವಾರ

ಸಮೀಕ್ಷಾ ಬೆಳಿಗ್ಗೆ ಅಹಮದಾಬಾದಿನಿಂದ ಬಂದವಳು ಸಂಜೆ ಗಾಡಿಗೆ ವಾಪಸ್ಸು ಹೋದಳು. ಅವಳ ಅಪ್ಪನ ಐವತ್ತೆಂಟನೇ ಹುಟ್ಟುಹಬ್ಬಕ್ಕೆ ಒಂದು ವಾಚು ತಂದಿದ್ದಳು. ನನಗೆ ಈ ಪುಸ್ತಕ.

"ಅಮ್ಮಾ, ನೀನು ದಿನಾ ಫೋನ್ ಮಾಡಿ ಭಯ ಭಯ ಅಂದ್ರೆ ನಾನು ಆಫೀಸಲ್ಲಿ ಕಾಮ್ ಹೇಗೆ ಮಾಡ್ಲಿ? ಎಲ್ಲಾ ಇದ್ರಲ್ಲಿ ಬರಿ. ಬರ್ದು ಬಂದ್ ಮಾಡು" ಅಂದಳು. ಇಲ್ಲೇ ಗುಜರಾತಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಹಾಗೇ. ಬಯ್ದರೂ ಅರ್ಧ ಹಿಂದಿಯಲ್ಲಿ ಬಯ್ಯುತ್ತಾಳೆ.

ನಾನು ಓದಿದ್ದು ಏಳನೇ ಕ್ಲಾಸು. ಎಂಟಕ್ಕೆ ಸ್ವಲ್ಪ ದಿನ ಹೋದೆ, ಅಮ್ಮ ಹಾಸಿಗೆ ಹಿಡಿದಳು, ತಮ್ಮಂದಿರನ್ನ ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ, ಬಿಟ್ಟೆ. ಒತ್ತಕ್ಷರ ತಪ್ಪಿದರೆ ತಪ್ಪಲಿ, ನಾನೊಬ್ಬಳೇ ತಾನೆ ಓದೋದು.

ಸರಿ, ಬರೆಯುತ್ತೇನೆ. ಮಳೆ ಹೀಗೇ ಹೊಯ್ದರೆ ವಿಶ್ವಾಮಿತ್ರಿ ನದಿ ಉಕ್ಕುತ್ತೆ, ಹೋದ ವರ್ಷದ ಹಾಗೆ ಮೊಸಳೆ ರಸ್ತೆಗೆ ಬರುತ್ತೆ. ನಮ್ಮ ಗೋರ್ವಾದ ಫ್ಯಾಕ್ಟರಿಯಿಂದ ಯಾವತ್ತಾದರೂ ಗ್ಯಾಸ್ ಸೋರುತ್ತೆ. ಸಮೀಕ್ಷಾ ಇರೋದು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ, ಹನ್ನೊಂದನೇ ಮಹಡಿ, ಲಿಫ್ಟು ಮಧ್ಯ ನಿಂತು ಅವಳು ಒಳಗೇ ಸಿಕ್ಕಿಕೊಂಡರೆ? ಅವಳು ಸ್ಕೂಟಿಯಲ್ಲಿ ಹೆಲ್ಮೆಟ್ ಬಕಲ್ ಹಾಕೊಲ್ಲ. ನಂಜನಗೂಡಲ್ಲಿ ತಮ್ಮನ ಸಕ್ಕರೆ ಕಾಯಿಲೆ. ಹಾಲಿನವನು ತರೋ ಹಾಲಲ್ಲಿ ಏನು ಬೆರೆಸ್ತಾನೋ. ಇವರ ರೈಲಿನ ಮುಂದೆ ಎಮ್ಮೆ ಬರಬಹುದು. ಎಮ್ಮೆ ಬಂದರೆ ಹೋಗಲಿ, ಮನುಷ್ಯರೇ ಬಂದು ನಿಲ್ಲಬಹುದು. ಹಾಗೆ ನಿಂತಿದ್ದೂ ಉಂಟು, ಆಗ ಇವರು ನಾಲ್ಕು ದಿನ ಊಟ ಮಾಡಲಿಲ್ಲ.

ನಮ್ಮೆಜಮಾನರು ಲೋಕೋ ಪೈಲಟ್. ಇಂಜಿನ್ ಡ್ರೈವರ್ ಅಂದರೆ ಅವರಿಗೆ ಸಿಟ್ಟು ಬರಲ್ಲ, ನನಗೇ ಬರುತ್ತೆ. ವಡೋದರಾದಿಂದ ಅತ್ತ ಸೂರತ್, ಇತ್ತ ಅಹಮದಾಬಾದ್. ರಿಟೈರ್ ಆಗೋಕೆ ಎರಡು ವರ್ಷ. ಇಷ್ಟು ವರ್ಷದಲ್ಲಿ ಒಂದು ಸಿಗ್ನಲ್ ತಪ್ಪಿಸಿದವರಲ್ಲ.

ವಾಚನ್ನ ಡ್ಯೂಟಿಯಲ್ಲಿ ಹಾಕೋ ಹಾಗಿಲ್ಲವಂತೆ. ಮನೆಯಲ್ಲಿ ಹಾಕ್ಕೊಳ್ಳಿ ಅಂದಳು ಸಮೀಕ್ಷಾ. ಅದು ಎದೆ ಬಡಿತ ನೋಡುತ್ತಂತೆ, ನಿದ್ದೆ ನೋಡುತ್ತಂತೆ. "ನಿನ್ನಮ್ಮ ಒಬ್ಬಳು ನೋಡೋದು ಸಾಲ್ದಾ?" ಅಂದರು ಇವರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬರೆದು ಬಂದ್ ಮಾಡಿದರೆ ನಿದ್ದೆ ಬರುತ್ತೆ ಅಂದಿದ್ದಳು. ನೋಡೋಣ.

ಆಗಸ್ಟ್ 23, ಶನಿವಾರ

ರಾತ್ರಿ ಗಾಡಿ ತಂದು ಬೆಳಿಗ್ಗೆ ಬಂದರು. ತಿಂಡಿ ತಿಂದು ಮಲಗಿದರು. ರೈಲ್ವೆಯವರ ಮನೆಯಲ್ಲಿ ಹಗಲೇ ರಾತ್ರಿ. ಕಿಟಕಿಗೆ ದಪ್ಪ ಪರದೆ ಎಳೆದು, ಕುಕ್ಕರ್ ಕೂಗಿಸದೆ, ಕಾಲಿಂಗ್ ಬೆಲ್ಲಿನ ಸ್ವಿಚ್ಚು ಆರಿಸಿ, ಬೆಕ್ಕಿನ ಹಾಗೆ ಓಡಾಡಬೇಕು. ಇವರ ಫೋನು ನನ್ನ ಹತ್ತಿರ, ಅಡಿಗೆಮನೆಯ ಉಪ್ಪಿನ ಡಬ್ಬಿ ಪಕ್ಕ. ಲಾಬಿಯಿಂದ, ಅಂದರೆ ಡ್ಯೂಟಿ ಹಂಚುವ ಆಫೀಸಿನಿಂದ ಕರೆ ಬಂದರೆ ಮಾತ್ರ ಎಬ್ಬಿಸೋದು. ಮದುವೆಯಾದಾಗಿನಿಂದ ನಾನೇ ಈ ಮನೆಯ ಕಂಟ್ರೋಲ್ ರೂಮು.

ಹುರುಳಿಕಾಯಿ ಹೆಚ್ಚುತ್ತಿದ್ದೆ. ಫೋನು ಬುರ್ ಅಂತು. ಇಂಗ್ಲಿಷಿನಲ್ಲಿ ಏನೋ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಹಾರ್ಟ್" ಅನ್ನೋದು ಗೊತ್ತಾಯಿತು.

ಫೋಟೋ ತೆಗೆದು ಸಮೀಕ್ಷಾಗೆ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು. "ಬಡಿತ ಬರಾಬರ್ ಇಲ್ಲ ಅಂತ ತೋರಿಸ್ತಿದೆ ಅಮ್ಮಾ. ಇರ್ರೆಗ್ಯುಲರ್. ಅಪ್ಪ ಏನ್ಮಾಡ್ತಿದಾರೆ?"

"ಮಲಗಿದಾರೆ."

"ಹೋಗಿ ನೋಡು."

ಹೋಗಿ ನೋಡಿದೆ. ಗೊರಕೆ ಹೊಡೀತಿದ್ದರು. ಎದೆಗೆ ಕಿವಿ ಇಟ್ಟೆ. ಒಳಗೆ ಯಾರೋ ಮೆಟ್ಟಿಲು ಹತ್ತಿ, ನಿಂತು, ಮತ್ತೆ ಎರಡು ಮೆಟ್ಟಿಲು ಓಡಿ ಹತ್ತಿದ ಹಾಗೆ. ಇವರು ಎದ್ದುಬಿಟ್ಟರು.

"ಏನೇ ಇದು? ಈ ವಯಸ್ಸಲ್ಲಿ?"

ಹೇಳಿದೆ. ವಾಚು ಬಿಚ್ಚಿ ದಿಂಬಿನ ಕೆಳಗೆ ಹಾಕಿ ಆ ಕಡೆ ಹೊರಳಿದರು. "ರಾತ್ರಿಯೆಲ್ಲ ಗಾಡಿ ಓಡಿಸಿದವನ ಎದೆ ಒಂಚೂರು ಕುಣೀತು, ಅದಕ್ಕೂ ಕಂಪ್ಲೇಂಟಾ?"

ಆಮೇಲೆ ಇಡೀ ಮಧ್ಯಾಹ್ನ ಬಾಗಿಲ ಬಳಿ ಕೂತು ಅವರ ಉಸಿರು ಕೇಳಿದೆ. ಹುರುಳಿಕಾಯಿ ಹಾಗೇ ಬಾಡಿತು.

ಆಗಸ್ಟ್ 27, ಬುಧವಾರ. ಗಣೇಶನ ಹಬ್ಬ

ನಿನ್ನೆ ಅತ್ತು, ಊಟ ಬಿಟ್ಟು, ಕೊನೆಗೆ ಒಪ್ಪಿಸಿ ಇಲ್ಲೇ ಗೋರ್ವಾದ ಕ್ಲಿನಿಕ್ಕಿಗೆ ಕರಕೊಂಡು ಹೋದೆ. ರೈಲ್ವೆ ಆಸ್ಪತ್ರೆ ಬೇಡವೇ ಬೇಡ ಅಂದರು. ಅಲ್ಲಿ ತೋರಿಸಿದರೆ ಎಲ್ಲ ದಾಖಲೆಗೆ ಹೋಗುತ್ತೆ. ತಂತಿ ಅಂಟಿಸಿ ಇಸಿಜಿ ಮಾಡಿದರು. ಗೆರೆ ಸರಿಯಾಗೇ ಬಂತು. "ಎಕ್‌ದಮ್ ಫಸ್ಟ್ ಕ್ಲಾಸ್" ಅಂದರು ಡಾಕ್ಟರು.

ಇವತ್ತು ಕಡುಬು ತಿನ್ನೋಕೆ ಜಿಗ್ನಾ ಬಂದಿದ್ದಳು. ಇಂಜಿನ್ನಿನಲ್ಲಿ ಇವರ ಪಕ್ಕ ಕೂರುವ ಅಸಿಸ್ಟೆಂಟು. ಆಣಂದ್ ಊರಿನ ಹುಡುಗಿ, ಹುಡುಗಿ ಏನು ಬಂತು, ಎರಡು ವರ್ಷದ ಮಗು ಇದೆ. ಇವರನ್ನ ಗುರೂಜಿ ಅಂತಾಳೆ, ನನ್ನನ್ನ ಕಾಕಿ, ಅಂದರೆ ಚಿಕ್ಕಮ್ಮ. ನಮ್ಮ ಜೊತೆ ಹಿಂದಿ ಮಾತಾಡುತ್ತಾಳೆ.

ಊಟಕ್ಕೆ ಕೂತಾಗ ವಾಚು ಬುರ್ ಅಂತು. ನೀರು ಕುಡೀರಿ ಅಂತಲೋ ಎದ್ದು ಓಡಾಡಿ ಅಂತಲೋ. ಇವರು ಕೈ ಮೇಲೆತ್ತಿ ಜಿಗ್ನಾಗೆ ತೋರಿಸಿದರು. "ಇದರ ಹೆಸರೇನು ಗೊತ್ತಾ? ನಳಿನಿ. ಸುಮ್ಮಸುಮ್ಮನೆ ಹೆದರುತ್ತೆ. ಒಂದು ನಳಿನಿ ಅಡಿಗೆಮನೇಲಿ, ಒಂದು ನಳಿನಿ ಮಣಿಕಟ್ಟಲ್ಲಿ."

ಜಿಗ್ನಾ ನಕ್ಕು, ನನ್ನ ಮುಖ ನೋಡಿ ನಿಲ್ಲಿಸಿದಳು. "ಗುರೂಜಿ, ಅಡಿಗೆಮನೇದು ಕಡುಬು ಮಾಡುತ್ತೆ. ಮಣಿಕಟ್ಟಿಂದು ಮಾಡುತ್ತಾ?"

ಅವಳಿಗೆ ಇನ್ನೆರಡು ಬಡಿಸಿದೆ.

ತುಪ್ಪ ಜಾಸ್ತಿ ಹಾಕಿಬಿಟ್ಟೆನಾ ಇವರಿಗೆ? ಕೊಲೆಸ್ಟರಾಲು. ಗಣಪತಿ ಬಿಡುವಾಗ ಕೊಳದ ಹತ್ತಿರ ನೂಕುನುಗ್ಗಲು, ಮಕ್ಕಳನ್ನ ಕಳಿಸಬೇಡಿ ಅಂತ ಪಕ್ಕದ ಮನೆ ವೈದೇಹಿಗೆ ಹೇಳಬೇಕು.

ಸೆಪ್ಟೆಂಬರ್ 9, ಮಂಗಳವಾರ

ಮತ್ತೆ ಬಂತು. ಇದು ನಾಲ್ಕನೇ ಸಲವೋ ಐದನೇ ಸಲವೋ. ಯಾವಾಗಲೂ ಹಗಲು ನಿದ್ದೆಯಲ್ಲೇ ಬರುತ್ತೆ, ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಕಳ್ಳನ ಹಾಗೆ ಮಾಯ.

ಸಮೀಕ್ಷಾ ಹೇಳಿಕೊಟ್ಟಳು. ವಾಚಿನ ಪಕ್ಕದ ಗುಂಡಿಯ ಮೇಲೆ ಬೆರಳಿಟ್ಟು ಅಲ್ಲಾಡದೆ ಅರ್ಧ ನಿಮಿಷ ಹಿಡಿದರೆ ಅದೇ ಇಸಿಜಿ ಗೆರೆ ತೆಗೆಯುತ್ತಂತೆ. "ಅದು ಆಗ್ತಿರುವಾಗಲೇ ತೆಗೀಬೇಕು ಅಮ್ಮಾ. ಅಪ್ಪನಿಗೆ ಹೇಳು."

ಅಪ್ಪನಿಗೆ ಹೇಳಿದರೆ ಆಗುತ್ತದೆಯೇ.

ಇವತ್ತು ಫೋನು ಬುರ್ ಅಂದ ಕೂಡಲೆ ಬರಿಗಾಲಲ್ಲಿ ಒಳಗೆ ಹೋದೆ. ಎಡಗೈ ಹೊದಿಕೆಯಿಂದ ಹೊರಗಿತ್ತು, ವಾಚು ಮೇಲೆ. ಮಂಚದ ಪಕ್ಕ ನೆಲಕ್ಕೆ ಕೂತೆ. ಕೈ ಜಾರದ ಹಾಗೆ ಅವರ ಅಂಗೈಯನ್ನ ನನ್ನ ಎಡಗೈಲಿ ಹಿಡಿದೆ, ಬಲಗೈ ಬೆರಳನ್ನ ಗುಂಡಿ ಮೇಲೆ ಇಟ್ಟೆ. ಉಸಿರು ಬಿಗಿಹಿಡಿದು ಕೂತೆ. ವಾಚಿನ ಮೇಲೆ ಗೆರೆ ಎದ್ದು ಬಿದ್ದು ಎದ್ದು ಬಿದ್ದು ಓಡಿತು. ಹಾವು ಬಿಟ್ಟ ಹಾಗೆ.

ಸಿಕ್ಕಿತು. ಸಿಕ್ಕೇಬಿಟ್ಟಿತು. ಸಮೀಕ್ಷಾಗೆ ಕಳಿಸಿ ಪ್ರಿಂಟ್ ತೆಗೆಸು ಅಂದೆ. ಅವರು ಹುಬ್ಬು ಸಹ ಅಲ್ಲಾಡಿಸಲಿಲ್ಲ.

ಗಂಡನ ಕೈ ಅಷ್ಟು ಹೊತ್ತು ಹಿಡಿದು ಎಷ್ಟು ಕಾಲವಾಯಿತೋ.

ಸೆಪ್ಟೆಂಬರ್ 12, ಶುಕ್ರವಾರ

ಒಬ್ಬಳೇ ಅಲ್ಕಾಪುರಿಗೆ ಹೋಗಿ ಹೃದಯದ ಡಾಕ್ಟರನ್ನ ನೋಡಿದೆ. ಹೇತಲ್ ದೇಸಾಯಿ ಅಂತ, ಸಮೀಕ್ಷಾಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಸಮೀಕ್ಷಾ ಕಳಿಸಿದ ಪ್ರಿಂಟು ಮೇಜಿನ ಮೇಲೆ ಹರಡಿದೆ.

ಆಕೆ ನೋಡಿದಳು. ಕನ್ನಡಕ ತೆಗೆದು ಮತ್ತೆ ನೋಡಿದಳು. ಇನ್ನೇನು ಹೇಳಿಬಿಡ್ತಾಳೆ ಅಂತ ಕಾದೆ.

"ಮಾಸಿ," ಅಂದಳು, ಚಿಕ್ಕಮ್ಮ ಅಂತ, "ವಾಚು ಯಾರ ಕೈಲಿತ್ತು?"

"ಅವರ ಕೈಲಿ."

"ಗುಂಡಿ ಮೇಲೆ ಬೆರಳು?"

"ನಂದು. ಅವರು ಮಲಗಿದ್ರು."

"ಇನ್ನೊಂದು ಕೈ?"

"ಅವರ ಕೈ ಹಿಡ್ಕೊಂಡಿದ್ದೆ. ಜಾರಬಾರದು ಅಂತ."

ಆಕೆ ನಗಲಿಲ್ಲ. ಪೆನ್ನಿನ ತುದಿಯಿಂದ ಗೆರೆಯ ಮೇಲೆ ಅಲ್ಲಲ್ಲಿ ಚುಕ್ಕಿ ಇಟ್ಟಳು. "ಎದೆಯ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಸುತ್ತು ಬರಬೇಕು ಮಾಸಿ. ನೀವು ಕೈ ಹಿಡಿದದ್ದರಿಂದ ಅದು ಇಬ್ಬರ ಮೈಯಲ್ಲೂ ಸುತ್ತಿದೆ. ಈ ಕಾಗದದಲ್ಲಿ ನೀವಿಬ್ಬರೂ ಇದ್ದೀರಿ. ಯಾವ ಗೆರೆ ಯಾರದು ಅಂತ ನಾನು ಹೇಗೆ ಹೇಳಲಿ?"

ಅಷ್ಟು ಕಷ್ಟಪಟ್ಟು ಹಿಡಿದ ಕಳ್ಳ, ನೋಡಿದರೆ ಅರ್ಧ ನಾನೇ.

ಆಕೆ ನನ್ನನ್ನೂ ಮಲಗಿಸಿ ಇಸಿಜಿ ತೆಗೆದಳು. "ನಿಮ್ಮದು ಘಡಿಯಾಳ" ಅಂದಳು, ಗಡಿಯಾರ ಅಂತ. ಸಣ್ಣವಳಿದ್ದಾಗಿಂದ ಹೆದರಿದ ಎದೆ ಇಷ್ಟು ನೆಟ್ಟಗೆ ಹೊಡೆಯುತ್ತೆ ಅಂದರೆ ನಾನು ನಂಬಲಿಲ್ಲ. ಇನ್ನೊಂದು ಸಲ ತೆಗೀರಿ ಅಂದೆ. ತೆಗೀಲಿಲ್ಲ.

ಆಮೇಲೆ ಬಿಡಿಸಿ ಹೇಳಿದಳು. ವಾಚು ಪದೇ ಪದೇ ಹೇಳ್ತಿದೆ ಅಂದರೆ ಸುಮ್ಮನಿರೋ ಹಾಗಿಲ್ಲ. ಹೃದಯದ ಮೇಲಿನ ಕೋಣೆ ಹಿಂಡೋ ಬದಲು ಬರೀ ನಡುಗುತ್ತೆ, ರಕ್ತ ಅಲ್ಲೇ ನಿಲ್ಲುತ್ತೆ. ಹಾಲು ಅಲ್ಲಾಡದೆ ನಿಂತರೆ ಹೆಪ್ಪಾಗುತ್ತಲ್ಲ, ಹಾಗೆ ಗಂಟು ಕಟ್ಟುತ್ತೆ. ಆ ಗಂಟು ಮೆದುಳಿಗೆ ಹೋದರೆ ಮಾತು ಹೋಗಬಹುದು, ಕೈ ಹೋಗಬಹುದು. ಅದಕ್ಕೆ ಮಾತ್ರೆ ಇದೆ, ಮೊದಲೇ ಹಿಡಿದರೆ ತಡೀಬಹುದು. "ಅವರೇ ಬರಬೇಕು. ಎದೆಗೆ ಪಟ್ಟಿ ಅಂಟಿಸಿ ಒಂದು ವಾರ ನೋಡ್ತೀನಿ. ಏನು ಕೆಲಸ ಮಾಡ್ತಾರೆ?"

ಹೇಳಿದೆ. ಪೆನ್ನು ಕೆಳಗಿಟ್ಟಳು.

ಸೆಪ್ಟೆಂಬರ್ 13, ಶನಿವಾರ

ಹೇಳಿದೆ. ಕಾಗದ ತೋರಿಸಿದೆ.

"ನಾನು ಮಲಗಿರುವಾಗ ನನ್ನ ಕೈ ಹಿಡಿದು ನನ್ನ ಮೇಲೇ ಸಾಕ್ಷಿ ತೆಗ್ದೆಯಾ?"

ಅದೊಂದೇ ಮಾತು ಮೂರು ಸಲ ಅಂದರು. ಕೂಗಿದ್ದರೆ ಚೆನ್ನಾಗಿತ್ತು. ಮೆತ್ತಗೆ ಅಂದರು.

ನಾನೂ ಹೇಳಿದೆ, ನೀವೇ ಬೆರಳಿಡಿ, ಏನೂ ಇಲ್ಲ ಅಂತ ಬಂದರೆ ಈ ಜನ್ಮದಲ್ಲಿ ಬಾಯಿ ಬಿಡಲ್ಲ.

"ಬಂದ್ರೆ?"

ಕಾಗದವನ್ನ ಮಡಿಸಿದೆ.

"ಬಂದ್ರೆ ಏನಾಗುತ್ತೆ ಗೊತ್ತೇನೇ ನಿಂಗೆ? ಅನ್‌ಫಿಟ್ ಅಂತ ಒಂದು ಸೀಲು. ಇಂಜಿನ್ನಿಂದ ಇಳಿಸಿ ಯಾವುದೋ ಆಫೀಸಲ್ಲಿ ಸ್ಟೂಲು ಹಾಕಿ ಕೂರಿಸ್ತಾರೆ. ನಿನ್ನೆವರೆಗೂ ಗುರೂಜಿ ಅಂದವರು ಚಾ ತರ್ತೀರಾ ಅಂತಾರೆ. ಎರಡು ವರ್ಷ ನಳಿನಿ. ಎರಡೇ ವರ್ಷ. ಕೊನೇ ಗಾಡಿಗೆ ಹಾರ ಹಾಕಿಸ್ಕೊಂಡು ಇಳೀತೀನಿ. ಆಮೇಲೆ ನಿಂಗೆ ಬೇಕಾದ್ರೆ ಎದೆ ಬಗೆದು ನೋಡು."

ವಾಚನ್ನ ಬೀರುವಿನಲ್ಲಿ ಹಾಕಿ ಬೀಗದ ಕೈ ಜೇಬಿಗೆ ಹಾಕ್ಕೊಂಡರು.

ಸೆಪ್ಟೆಂಬರ್ 26, ಶುಕ್ರವಾರ

ನವರಾತ್ರಿ. ನಾನು ಮೂರು ಮೆಟ್ಟಿಲ ಗೊಂಬೆ ಕೂರಿಸಿದ್ದೇನೆ, ಹೊರಗೆ ಇಡೀ ಸೊಸೈಟಿ ಗರ್ಬಾ ಆಡುತ್ತಿದೆ. ಧಾರವಾಡದ ವೈದೇಹಿ ಆರತಿಗೆ ಬಂದಳು. ಅವಳ ಗಂಡ ಇನ್ಶೂರೆನ್ಸಿನಲ್ಲಿ ದೊಡ್ಡ ಹುದ್ದೆ. "ಏನ್ರೀ ನಳಿನಿ, ಮಾರಿ ಸಣ್ಣದಾಗೇದಲ್ಲ? ಏನ್ ಚಿಂತಿ ಹಚ್ಕೊಂಡೀರಿ ಈ ಸಲ? ಮೊಸಳಿನೋ ಲಿಫ್ಟೋ?" ಅಂದಳು.

ಏನಿಲ್ಲ ಅಂದೆ.

ಇಷ್ಟು ದಿನ ವಾಚು ಹೇಳುತ್ತಿತ್ತು. ಈಗ ಅದೂ ಇಲ್ಲ. ಹಗಲು ಮಲಗಿದಾಗ ಬಾಗಿಲಲ್ಲಿ ಕೂರುತ್ತೇನೆ. ಕಿವಿಗೆ ಏನೂ ಗೊತ್ತಾಗಲ್ಲ. ಫ್ಯಾನಿನ ಸದ್ದು, ಅಷ್ಟೇ.

ಅಕ್ಟೋಬರ್ 6, ಸೋಮವಾರ

ಇವರು ಬೆಳಿಗ್ಗೆ ಸೂರತ್ತಿನಿಂದ ಗಾಡಿ ತಂದು ಮಲಗಿದರು. ಮಧ್ಯಾಹ್ನ ಜಿಗ್ನಾ ಬಂದಳು. ಬೆಲ್ ಒತ್ತಲಿಲ್ಲ, ಬಾಗಿಲನ್ನ ಉಗುರಿನಿಂದ ತಟ್ಟಿದಳು. ಸೂರತ್ತಿನ ಘಾರಿ ಮಿಠಾಯಿಯ ಡಬ್ಬಿ ಕೈಯಲ್ಲಿ. ಯೂನಿಫಾರ್ಮು ಸಹ ಬದಲಾಯಿಸಿರಲಿಲ್ಲ.

ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಳು. ಚಾ ಕೊಟ್ಟೆ, ಕುಡೀಲಿಲ್ಲ.

"ಕಾಕಿ, ನಾವು ಸಿಗ್ನಲ್ ಕೂಗ್ತೀವಲ್ಲ, ಗೊತ್ತಲ್ಲ ನಿಮಗೆ? ನಾನು ಬಣ್ಣ ಕೂಗಬೇಕು, ಗುರೂಜಿ ಕೈ ಎತ್ತಿ ಅದನ್ನೇ ತಿರುಗಿ ಕೂಗಬೇಕು. ಇಬ್ಬರೂ ಕೂಗಿದರೇನೇ ಇಬ್ಬರೂ ನೋಡಿದ್ದೀವಿ ಅಂತ ಲೆಕ್ಕ."

ಗೊತ್ತು ಅಂದೆ. ಸ್ಕೂಟರಿನಲ್ಲಿ ಹೋಗುವಾಗಲೂ ಕೂಗೋ ಮನುಷ್ಯ.

"ಭರೂಚ್ ದಾಟಿದ ಮೇಲೆ ನಾನು ಹಳದಿ ಕೂಗಿದೆ. ಗುರೂಜಿ ಕೂಗಲಿಲ್ಲ. ನೋಡಿದೆ. ಬಾಯಿ ತೆರೆದಿತ್ತು. ಏನೋ ಬಂತು, ಮಾತಲ್ಲ ಅದು. ಮಗು ಅಂದ ಹಾಗೆ. ನನ್ನನ್ನ ನೋಡಿದ್ರು ಕಾಕಿ, ಆ ಕಣ್ಣು..." ಅವಳು ದುಪಟ್ಟಾ ಹುಡುಕಿದಳು, ಯೂನಿಫಾರ್ಮಿಗೆ ದುಪಟ್ಟಾ ಎಲ್ಲಿದೆ, ಅಂಗೈಯಿಂದ ಮೂಗು ಒರೆಸಿಕೊಂಡಳು. "ನಾನು ಎದ್ದು ಬ್ರೇಕಿಗೆ ಕೈ ಹಾಕೋ ಅಷ್ಟರಲ್ಲಿ ಅವರೇ ಹಾಕಿದ್ರು. ಕೈ ಸರಿಯಾಗೇ ಇತ್ತು. ಸ್ವಲ್ಪ ಹೊತ್ತಿಗೆ ಮಾತೂ ಬಂತು. 'ಗಂಟಲು ಕಟ್ಟಿತ್ತು ಬೇಟಾ, ಯಾರಿಗೂ ಹೇಳ್ಬೇಡ' ಅಂದ್ರು."

"ಹೇಳಿದೆಯಾ?"

"ಹೇಳಬೇಕಿತ್ತು. ಇಳಿದ ಕೂಡಲೆ ಹೇಳಬೇಕಿತ್ತು. ಕೆಲಸ ಕಲಿಸಿದವರು ಕಾಕಿ. ಮೊದಲನೇ ದಿನ ಯಾರೂ ನನ್ನ ಜೊತೆ ಹೋಗಲ್ಲ ಅಂದಾಗ ನಾನು ಕರ್ಕೊಂಡು ಹೋಗ್ತೀನಿ ಅಂದವರು. ಬಾಯೇ ಬರಲಿಲ್ಲ." ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ನಾಳೆ ಸಂಜೆ ಮತ್ತೆ ನಮ್ಮದೇ ಗಾಡಿ. ಪ್ಯಾಸೆಂಜರ್."

ಅವಳನ್ನ ಕಳಿಸಿ ಬಾಗಿಲು ಹಾಕಿದೆ. ಒಳಗೆ ಇವರು ಎದ್ದು, ಬಂದದ್ದು ಯಾರೇ ಅಂದರು. ಮಾತು ಸ್ಪಷ್ಟವಾಗಿತ್ತು. ಹಾಲಿನವನು ಅಂದೆ.

ಅಕ್ಟೋಬರ್ 7, ಮಂಗಳವಾರ

ಇವರು ಮಧ್ಯಾಹ್ನ ಮಲಗಿದಾಗ ಆಟೋದಲ್ಲಿ ಲಾಬಿಗೆ ಹೋದೆ. ಡ್ಯೂಟಿ ಹಂಚುವ ಸಾಹೇಬರ ಮುಂದೆ ನಿಂತೆ.

"ಯಾರ ಮನೆಯವರು ಬೆಹನ್?"

ಹೆಸರು ಹೇಳಿದೆ. ನಂಜುಂಡ. ಮದುವೆಯಾದ ಮೇಲೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಗಾಡಿ ಓಡುತ್ತಿರುವಾಗ ಅವರಿಗೆ ಮಾತು ನಿಂತಿತ್ತು, ಎದೆಬಡಿತ ತಪ್ಪುತ್ತೆ, ಅಲ್ಕಾಪುರಿ ಡಾಕ್ಟರ ಚೀಟಿ ಇದು, ಇವತ್ತು ಗಾಡಿ ಕೊಡಬೇಡಿ ಅಂದೆ. ಯಾರು ಹೇಳಿದ್ದು ಅಂದರು. ನಾನು ಹೆಂಡತಿ, ನನಗೆ ಗೊತ್ತು ಅಂದೆ.

"ನಾನು ಒಂದು ಸಲ ಬರ್ಕೊಂಡ್ರೆ ನೀವು ವಾಪಸ್ಸು ತಗೊಳ್ಳೋಕೆ ಆಗಲ್ಲ."

ಬರ್ಕೊಳ್ಳಿ ಅಂದೆ.

ಮನೆಗೆ ಬಂದು ಸಾರಿಗೆ ಬೇಳೆ ಇಟ್ಟೆ. ಕುಕ್ಕರ್ ಕೂಗಿತು. ಇವರು ಎದ್ದರು. ಆ ಹೊತ್ತಿಗೇ ಫೋನು ಬಂತು, ನಾನೇ ಒಯ್ದು ಕೊಟ್ಟೆ. ಡ್ಯೂಟಿಗಲ್ಲ, ಆಸ್ಪತ್ರೆಗೆ ಬನ್ನಿ ಅಂತ.

"ನೀನಾ?"

"ಹೂಂ."

ನೀರು ಕುಡಿದರು. ಲೋಟ ಮಗುಚಿ ಇಟ್ಟು ಒಳಗೆ ಹೋದರು.

ಅಕ್ಟೋಬರ್ 18, ಶನಿವಾರ

ರೈಲ್ವೆ ಆಸ್ಪತ್ರೆಯಲ್ಲಿ ಎದೆಗೆ ಅಂಟಿಸಿದ್ದ ಪಟ್ಟಿ ತೆಗೆದರು. ಡಾಕ್ಟರು ನನ್ನನ್ನೂ ಒಳಗೆ ಕರೆದರು. ಗಂಟೆಗಟ್ಟಲೆ ತಾಳ ತಪ್ಪಿದೆಯಂತೆ, ಇವರಿಗೆ ಗೊತ್ತೇ ಆಗಿಲ್ಲ. ತಲೆಯ ಸ್ಕ್ಯಾನಿನಲ್ಲಿ ಒಂದು ಸಣ್ಣ ಕಲೆ, ಹಳೇದು. ಅವತ್ತಿನದಲ್ಲ, ಅದಕ್ಕೂ ಮೊದಲಿನದು. ಮಾತ್ರೆ ಬೆಳಿಗ್ಗೆ ಒಂದು ಸಂಜೆ ಒಂದು, ಒಂದು ಹೊತ್ತೂ ತಪ್ಪಬಾರದು. ಇಂಜಿನ್ನಿಗೆ ಅನ್‌ಫಿಟ್.

ಇವರು ಸಹಿ ಹಾಕಿದರು. ಹೊರಗೆ ಬಂದು ಸ್ಕೂಟರಿನ ಕೀಲಿ ನನ್ನ ಕೈಗೆ ಕೊಟ್ಟು ಆಟೋ ನಿಲ್ಲಿಸಿದರು. ನಾನು ಸ್ಕೂಟರು ಓಡಿಸಿದವಳಲ್ಲ. ಅಲ್ಲೇ ಬಿಟ್ಟು ಬಂದೆವು. ಸಂಜೆ ಜಿಗ್ನಾಳ ಗಂಡ ತಂದು ನಿಲ್ಲಿಸಿದ.

ಮನೆಯಲ್ಲಿ ಮಾತಿಲ್ಲ. ಮಾತ್ರೆ ಕೊಟ್ಟರೆ ಕೈ ಚಾಚುತ್ತಾರೆ. ಅನ್ನ ಬಡಿಸಿದರೆ ಸಾಕು ಅಂತ ಕೈ ಅಡ್ಡ ಹಿಡಿಯುತ್ತಾರೆ.

ಅಕ್ಟೋಬರ್ 22, ಬುಧವಾರ

ಗುಜರಾತಿಗಳ ಹೊಸ ವರ್ಷ. ಬಾಗಿಲು ತೆರೆದಿಟ್ಟಿದ್ದೆ, ಸಾಲ್ ಮುಬಾರಕ್ ಅನ್ನುತ್ತ ಜನ ಬಂದು ಹೋದರು. ಇವರು ರೂಮಿನಿಂದ ಹೊರಗೆ ಬರಲಿಲ್ಲ.

ವೈದೇಹಿ ಚಕ್ಕುಲಿ ಮುರೀತಾ ಅಂದಳು, "ಛಲೋ ಆತ್ ಬಿಡ್ರಿ. ಇನ್ ಮ್ಯಾಲೆ ನಿಮ್ಮನಿಯವ್ರು ರಾತ್ರಿ ಮನ್ಯಾಗ ಇರ್ತಾರ. ನಿಮಗ ಅದಽ ಬೇಕಿತ್ತಲ್ಲ?"

ಹೌದು ಅಂದೆ. "ಜೀವಂತ ಇರೋದು ಬೇಕಿತ್ತು."

ಅವಳು ಚಕ್ಕುಲಿ ತಟ್ಟೆ ಕೆಳಗಿಟ್ಟಳು. ಆಮೇಲೆ ಅಡಿಗೆಮನೆಗೆ ಬಂದು, ತಪ್ಪಾತ್ರೀ, ಬಾಯಿ ಸುಮ್ನಿರಂಗಿಲ್ಲ ನಂದು, ಅಂತ ನನ್ನ ಜೊತೆ ಪಾತ್ರೆ ತೊಳೆದಳು.

ಜಿಗ್ನಾ ಬಂದಾಗ ಮಾತ್ರ ಇವರು ಹೊರಗೆ ಬಂದರು. ಈಗ ಅವಳ ಜೊತೆ ಬೇರೆ ಯಾರೋ ಹೋಗುತ್ತಾರೆ. ಅವಳು ಕಾಲಿಗೆ ಬಿದ್ದು ಅತ್ತು, ತಾನು ನನ್ನ ಹತ್ತಿರ ಬಂದದ್ದೂ, ಆಮೇಲೆ ತಾನೇ ಹೋಗಿ ಆಫೀಸಿನಲ್ಲಿ ಬರೆದು ಕೊಟ್ಟದ್ದೂ ಎಲ್ಲ ಹೇಳಿಬಿಟ್ಟಳು. ತಡವಾಗಿ ಹೇಳಿದ್ದಕ್ಕೆ ಅವಳಿಗೂ ಎಚ್ಚರಿಕೆ ಕೊಟ್ಟಿದ್ದಾರಂತೆ. ಇವರು ಅವಳ ತಲೆ ಮೇಲೆ ಕೈ ಇಟ್ಟರು. "ನೀನು ಕೂಗಿದ್ದು ಸರಿ ಬೇಟಾ. ತಿರುಗಿ ಕೂಗದೆ ಇದ್ದೋನು ನಾನು" ಅಂದರು.

ಅವಳಿಗೆ ಅಂದರು. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ.

ನವೆಂಬರ್ 5, ಬುಧವಾರ

ಸಮೀಕ್ಷಾ ಫೋನ್ ಮಾಡಿದಳು. "ಅಮ್ಮಾ, ಸಬ್ ಠೀಕ್? ನೀನು ಫೋನೇ ಮಾಡಿಲ್ಲ. ಈಗ ನಂಗೇ ಟೆನ್ಷನ್ ಆಗ್ತಿದೆ."

ಮರೆತುಹೋಯಿತು ಅಂದೆ. ನಿಜವಾಗಿಯೂ ಮರೆತಿದ್ದೆ. ಮಾತ್ರೆ, ಊಟ, ಇವರನ್ನ ಬೆಳಿಗ್ಗೆ ಹೊಸ ಆಫೀಸಿಗೆ ಕಳಿಸೋದು, ಇದರಲ್ಲೇ ಹೊತ್ತು ಹೋಗುತ್ತೆ. ಟ್ರೈನಿಂಗ್ ಸ್ಕೂಲಿನಲ್ಲಿ ಹೊಸ ಹುಡುಗರಿಗೆ ಸಿಗ್ನಲ್ ಪಾಠ ಹೇಳೋ ಕಡೆ ಹಾಕಿದ್ದಾರೆ. ಸ್ಟೂಲು ಅಲ್ಲ, ಕುರ್ಚಿಯೇ. ಆದರೂ ಸಂಜೆ ಬಂದು ಶೂ ಬಿಚ್ಚದೆ ಕೂತಿರುತ್ತಾರೆ.

ಭಾನುವಾರ ಇಬ್ಬರೂ ಬನ್ನಿ ಅಂದಳು. ಈ ಭಾನುವಾರ ಆಗಲ್ಲ, ಮುಂದಿನ ಭಾನುವಾರ ಬರ್ತೀವಿ ಅಂದೆ. ಇವರನ್ನ ಕೇಳದೆಯೇ ಅಂದೆ.

ನವೆಂಬರ್ 16, ಭಾನುವಾರ. ಬೋಪಾಲ್

ಸಮೀಕ್ಷಾಳ ಮನೆಯ ಬಾಲ್ಕನಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಪ್ಪ ಮಗಳು ಟೀವಿ ನೋಡುತ್ತಿದ್ದಾರೆ.

ಬೆಳಿಗ್ಗೆ ಗಾಡಿಯಲ್ಲಿ ಬಂದೆವು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತು ರೈಲಿನಲ್ಲಿ ಹೋದದ್ದು ಬೆರಳೆಣಿಕೆ. ಊರಿಗೆ ಹೋಗುವಾಗಲೂ ಇವರು ಹತ್ತಿದ ಕೂಡಲೆ ಮೇಲಿನ ಬರ್ತಿಗೆ ಹೋಗಿ ಮಲಗಿಬಿಡುವವರು. ಇವತ್ತು ಹಗಲು ಗಾಡಿ, ಕೂರುವ ಸೀಟು. ಕಿಟಕಿ ಪಕ್ಕ ಅವರಿಗೇ ಬಿಟ್ಟೆ.

ಆಣಂದ್ ಬರೋವರೆಗೂ ಅಲ್ಲಾಡದೆ ಕೂತಿದ್ದರು. ಕೈ ಎರಡೂ ಮಂಡಿ ಮೇಲೆ, ಪರೀಕ್ಷೆಗೆ ಕೂತ ಹಾಗೆ. ಎದುರಿನ ಸೀಟಿನಲ್ಲಿ ಒಂದು ಗುಜರಾತಿ ಸಂಸಾರ, ಥೇಪ್ಲಾ ಅನ್ನೋ ಮೆಂತ್ಯದ ರೊಟ್ಟಿ ಬಿಚ್ಚಿ ನಮಗೂ ಕೊಟ್ಟರು. ನಾನು ತಗೊಂಡೆ, ಇವರು ಬೇಡ ಅಂದರು.

ಆಣಂದ್ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಧಾನ ಆಯಿತು. ಆಮೇಲೆ ಹೊಲದ ಮಧ್ಯ ನಿಂತೇಬಿಟ್ಟಿತು. ತಂಬಾಕಿನ ಹೊಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಎದುರಿನ ಮಗು ನಿದ್ದೆ ಹೋಗಿತ್ತು.

ಇವರು ಕಿಟಕಿ ಸರಳಿಗೆ ಕೆನ್ನೆ ಒತ್ತಿ ಮುಂದೆ ನೋಡೋಕೆ ಹೋದರು. ಬೋಗಿಯಿಂದ ಏನು ಕಾಣುತ್ತೆ, ಮುಂದಿನ ಬೋಗಿಯ ಗೋಡೆ. ಎದ್ದು ಬಾಗಿಲವರೆಗೆ ಹೋಗಿ ವಾಪಸ್ಸು ಬಂದರು. ಕೂತರು. ಮತ್ತೆ ಎದ್ದರು.

"ಯಾಕೆ ನಿಲ್ಲಿಸಿದ?" ಅಂದರು.

ಪಕ್ಕದಲ್ಲಿ ನಾನೊಬ್ಬಳೇ ಇದ್ದದ್ದು. ನನ್ನನ್ನೇ ಕೇಳಿದ್ದು.

"ನಂಗೇನು ಗೊತ್ತು" ಅಂದೆ.

"ಸಿಗ್ನಲ್ಲೋ, ಮುಂದೆ ಗಾಡಿ ಇದೆಯೋ, ಹಳಿ ಮೇಲೆ ಏನಾದ್ರೂ ಬಿದ್ದಿದೆಯೋ, ಒಂದೂ ಕಾಣಲ್ವಲ್ಲೇ." ದನಿ ಸಣ್ಣಗೆ ನಡುಗುತ್ತಿತ್ತು. ಅವರು ಹೀಗೆ ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ಮೊದಲು ಮಾತು ತೊದಲುತ್ತಿದೆಯಾ ಅಂತ ಕಿವಿ ಕೊಟ್ಟೆ. ಇಲ್ಲ, ಮಾತು ಸರಿಯಾಗಿತ್ತು. ಬರೀ ಭಯ. "ಮುಂದೆ ಏನಿದೆ ಅಂತ ಗೊತ್ತಿಲ್ದೆ ನೀವೆಲ್ಲ ಹೇಗೆ ಕೂತಿರ್ತೀರಿ?"

"ಹೀಗೇ ಕೂತಿರ್ತೀವಿ ರೀ."

ಸಂಚಿಯಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟೆ. ಕುಡಿದರು. ಎದುರಿನ ಹೆಂಗಸು ಥೇಪ್ಲಾ ಇನ್ನೊಂದು ಸಲ ಚಾಚಿದಳು. ನಾನೇ ತಗೊಂಡು ಅರ್ಧ ಮುರಿದು ಇವರ ಕೈಲಿ ಇಟ್ಟೆ.

"ತಿನ್ರಿ. ಹೊರಡುತ್ತೆ."

ಸ್ವಲ್ಪ ಹೊತ್ತಾದ ಮೇಲೆ ಹೊರಟಿತು.